ಆದವಾನಿಯ ದರ್ಬಾರೂ ವಿಯೆಟ್ನಾಮಿನ ಮಂತ್ರಿಗಳೂ
(ತೋಟದ ಕೆಲಸಗಾರರ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಹೋದ ಸಲದ ಕೂಟ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಲೈನಿನ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದನು. “ಕಾಫಿ ದರ ಬಿದ್ದರೆ ರೈಟರು ವಿಯೆಟ್ನಾಮಿನಲ್ಲಿ ಬೆಳೆ ಜಾಸ್ತಿಯಾಯಿತು ಅನ್ನುತ್ತಾರೆ. ದರ ಎದ್ದರೆ ವಿಯೆಟ್ನಾಮಿನಲ್ಲಿ ಮಳೆ ಇಲ್ಲ ಅನ್ನುತ್ತಾರೆ. ಅಷ್ಟು ದೂರದ ಆ ಜನ ಯಾರು? ಅವರೂ ನಮ್ಮ ಹಾಗೆ ತೋಟದಲ್ಲಿ ದುಡಿಯುವವರೋ?” ಆ ದಿವಸ ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಮುಂದಿನ ಕೂಟದಲ್ಲಿ ಹೇಳುತ್ತೇವೆಂದು ಮಾತು ಕೊಟ್ಟೆವು. ಆ ಸಾಲವನ್ನು ಈ ಸಂಜೆ ತೀರಿಸಬೇಕಾಗಿದೆ.

ಉತ್ತರ ಹುಡುಕುತ್ತ ಹೋದಾಗ ನಮಗೆ ಒಂದು ಆಶ್ಚರ್ಯ ಕಾದಿತ್ತು. ವಿಯೆಟ್ನಾಮನ್ನು ವಶಮಾಡಿಕೊಂಡ ಫ್ರೆಂಚರು ಅದಕ್ಕೆ ನೂರು ವರ್ಷ ಮೊದಲೇ ಬಂದು ಕೈಯಾಡಿಸಿದ್ದು ನಮ್ಮ ಹಿರಿಯರ ಊರುಗಳ ಮಧ್ಯದಲ್ಲಿ. ಈ ಕೂಟದಲ್ಲಿ ಆದವಾನಿ, ಆಲೂರು, ಕೋಸಿಗಿ, ಎಮ್ಮಿಗನೂರು ಕಡೆಯಿಂದ ಬಂದ ಮನೆತನದವರು ಇದ್ದೀರಿ. 1953ರವರೆಗೂ ಆದವಾನಿ ಆಲೂರುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಕರ್ನೂಲಿಗೆ ಸೇರಿದವು. ಗೆರೆ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಆದ್ದರಿಂದ ಮೊದಲು ನಮ್ಮ ಕಡೆಯ ಕಥೆ ಹೇಳಿ, ಆಮೇಲೆ ಸಮುದ್ರ ದಾಟೋಣ.

ನಾವು ಮೂವರು ಒಂದು ಮದುವೆಗೆಂದು ಆದವಾನಿಗೆ ಹೋಗಿದ್ದೆವು. ಮುಹೂರ್ತ ಮುಗಿದ ಮಾರನೆಯ ದಿನ ಊರು ನೋಡಲು ಹೊರಟೆವು. ಹತ್ತಿಯ ಪೇಟೆ, ಬಂಡೆಗಳ ಗುಡ್ಡ, ಗುಡ್ಡದ ಮೇಲೆ ಹಾಳುಬಿದ್ದ ಕೋಟೆ, ಕೆಳಗೆ ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜಾಮಿಯಾ ಮಸೀದಿ. ಊರಿನ ಒಂದು ಕಡೆ ಬಸಾಲತ್ ಜಂಗನ ಗೋರಿ ಇದೆ. ಆಡು ಮೇಯಿಸುತ್ತಿದ್ದ ಅಜ್ಜನೊಬ್ಬನನ್ನು “ಈತ ಯಾರು ಅಜ್ಜಾ?” ಎಂದು ಕೇಳಿದೆವು. “ಯಾರೋ ನವಾಬ ಅಂತಪ್ಪಾ, ಭಾಳ ಹಿಂದ ಇದ್ದನಂತ” ಎಂದನು. ಅಜ್ಜ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಗೋರಿಯ ಹಿಂದೆ ಒಂದು ದೊಡ್ಡ ಲೆಕ್ಕದ ಪುಸ್ತಕವಿದೆ. ಅದನ್ನೇ ನಾವು ಈ ಸಂಜೆ ಬಿಚ್ಚುವುದು.

ಹೈದರಾಬಾದಿನ ಮೊದಲನೆಯ ನಿಜಾಮನು 1748ರಲ್ಲಿ ತೀರಿಕೊಂಡನು. ಮಗ ನಾಸಿರ್ ಜಂಗನೂ ಮಗಳ ಮಗ ಮುಜಫರ್ ಜಂಗನೂ ಗಾದಿಗಾಗಿ ಜಗಳಕ್ಕೆ ನಿಂತರು. ಈ ಮುಜಫರ್ ಜಂಗನ ಕೈಯಲ್ಲಿದ್ದ ಸೀಮೆ ಯಾವುದೆಂದರೆ ಆದವಾನಿ ಮತ್ತು ರಾಯಚೂರು. ಪುದುಚೇರಿಯಲ್ಲಿ ಡ್ಯೂಪ್ಲೆ ಎಂಬ ಫ್ರೆಂಚ್ ಗವರ್ನರ್ ಇದ್ದನು. ವ್ಯಾಪಾರಕ್ಕೆ ಬಂದ ಕಂಪೆನಿಯವನು; ಆದರೆ ವ್ಯಾಪಾರದ ಲಾಭಕ್ಕಿಂತ ಗಾದಿಯ ಜಗಳದ ಲಾಭ ಹೆಚ್ಚೆಂದು ಮೊದಲು ಕಂಡುಕೊಂಡವನು ಅವನೇ. ಮುಜಫರನಿಗೆ ಫಿರಂಗಿ ಕೊಡುತ್ತೇನೆಂದನು.

ಆದರೆ ಸಹೋದರರೇ, ಹೊರಗಿನವನ ಫಿರಂಗಿ ತಾನಾಗಿ ಒಳಗೆ ಬರಲಾರದು. ಒಳಗಿನಿಂದ ಅಗಳಿ ತೆಗೆಯುವವನು ಒಬ್ಬ ಬೇಕು. ನಾಸಿರ್ ಜಂಗನ ಸ್ವಂತ ಪಾಳೆಯದಲ್ಲಿ ಅಂಥವನೊಬ್ಬನು ಇದ್ದನು. ರಾಮದಾಸನೆಂದು ಅವನ ಹೆಸರು. ಆಮೇಲೆ ರಾಜಾ ರಘುನಾಥದಾಸನೆಂಬ ಪದವಿ ಬಂತು. ನಾಸಿರ್ ಜಂಗನೇ ಬೆಳೆಸಿದ ಮನುಷ್ಯ. ಅವನು ಒಳಗೊಳಗೆ ಡ್ಯೂಪ್ಲೆಯ ಕಡೆ ಸೇರಿಕೊಂಡನು. ಕರ್ನೂಲು, ಕಡಪ, ಸವಣೂರುಗಳ ಪಠಾಣ ನವಾಬರೂ ಸೇರಿದರು. 1750ರ ಡಿಸೆಂಬರಿನಲ್ಲಿ ಸೆಂಜಿಯ ಹತ್ತಿರ ನಾಸಿರ್ ಜಂಗನು ತನ್ನ ಆನೆಯ ಮೇಲೆಯೇ, ತನ್ನವರೆಂದು ನಂಬಿದವರ ಗುಂಡಿಗೆ ಸತ್ತನು. ಮುಜಫರನು ಗಾದಿಗೆ ಬಂದನು, ರಘುನಾಥದಾಸನು ದಿವಾನನಾದನು. ಬುಸ್ಸಿ ಎಂಬ ಸರದಾರನು 300 ಮಂದಿ ಯೂರೋಪಿನವರನ್ನೂ 2000 ಸಿಪಾಯಿಗಳನ್ನೂ ಕಟ್ಟಿಕೊಂಡು ಹೊಸ ನಿಜಾಮನ ಜೊತೆ ಹೊರಟನು.

ಪಾಲು ಹಂಚುವಾಗ ಜಗಳವಾಗದ ಕಳ್ಳರು ಎಲ್ಲಿದ್ದಾರೆ? ಎರಡು ತಿಂಗಳಾಗುವಷ್ಟರಲ್ಲಿ ಪಠಾಣ ನವಾಬರು ತಮಗೆ ಹೇಳಿದಷ್ಟು ಸಿಗಲಿಲ್ಲವೆಂದು ತಿರುಗಿಬಿದ್ದರು. 1751ರ ಫೆಬ್ರವರಿಯಲ್ಲಿ ರಾಯಚೋಟಿಯ ಕಡೆ ನಡೆದ ಕಾಳಗದಲ್ಲಿ ಕರ್ನೂಲಿನ ನವಾಬ ಹಿಮ್ಮತ್ ಖಾನನ ಈಟಿಯಿಂದ ಮುಜಫರ್ ಜಂಗನು ಸತ್ತನು. ಹಿಮ್ಮತ್ ಖಾನನೂ ಅಲ್ಲೇ ಬಿದ್ದನು. ಬುಸ್ಸಿಯು ಒಂದು ದಿನವೂ ತಡಮಾಡದೆ ನಿಜಾಮನ ಇನ್ನೊಬ್ಬ ಮಗ ಸಲಾಬತ್ ಜಂಗನನ್ನು ಸೆರೆಯಿಂದ ಬಿಡಿಸಿ ಗಾದಿಯ ಮೇಲೆ ಕೂರಿಸಿದನು. ಆದವಾನಿಯನ್ನು ಸತ್ತವನ ಚಿಕ್ಕ ಮಗನಿಗೆ ಬಿಡಿಸಿಕೊಟ್ಟವನೂ ಬುಸ್ಸಿಯೇ. ದಾರಿಯಲ್ಲಿ ಕರ್ನೂಲು ಕೋಟೆ ಸಿಕ್ಕಿತು. ಅದಕ್ಕೆ ಲಗ್ಗೆಯಿಟ್ಟು ಕಾವಲಿನವರನ್ನು ಕಡಿದುಹಾಕಿದರು. ತುಂಗಭದ್ರೆಯ ದಂಡೆಯ ಆ ಊರಿನವರು ಪುದುಚೇರಿಯನ್ನು ಕನಸಿನಲ್ಲೂ ನೋಡಿದವರಲ್ಲ.

ಇಲ್ಲಿಂದ ಮುಂದೆ ಏಳು ವರ್ಷ ಹೈದರಾಬಾದಿನ ದರ್ಬಾರಿನಲ್ಲಿ ದಿವಾನಗಿರಿ ಎಂದರೆ ಒಂದೇ ಚಿಂತೆಯಾಯಿತು: ಫ್ರೆಂಚ್ ದಂಡಿನ ಸಂಬಳ ಎಲ್ಲಿಂದ ತರುವುದು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮ ಅಜ್ಜಂದಿರನ್ನು ಮೇಸ್ತ್ರಿಯು ಊರಿನಿಂದ ಕರೆತಂದಾಗ ಮೊದಲು ಕೊಟ್ಟದ್ದು ಕೂಲಿಯನ್ನಲ್ಲ, ಅಡ್ವಾನ್ಸನ್ನು. ಅಡ್ವಾನ್ಸು ಪಡೆದ ದಿನ ಹಬ್ಬ. ಆಮೇಲೆ ಅದು ತೀರುವುದೇ ಇಲ್ಲ. ತೀರಿಸಲು ಇನ್ನೊಂದು ಅಡ್ವಾನ್ಸು, ಅದಕ್ಕೆ ಮನೆಯ ಹೆಂಗಸಿನ ಹೆಸರು, ಮಗನ ಹೆಸರು. ಫ್ರೆಂಚ್ ದಂಡು ಬಂದ ದಿನ ಸಲಾಬತ್ ಜಂಗನಿಗೆ ಹಬ್ಬವಾಗಿತ್ತು. ತಿಂಗಳು ತಿಂಗಳು ಸಂಬಳದ ದಿನ ಬಂದಾಗ ಖಜಾನೆ ಖಾಲಿ. ದಂಡನ್ನು ಕಳಿಸಿಬಿಟ್ಟರೆ ಗಾದಿ ಉಳಿಯದು. ಇಟ್ಟುಕೊಂಡರೆ ರಾಜ್ಯ ಉಳಿಯದು.

ರಘುನಾಥದಾಸನ ಗತಿ ನೋಡಿ. 1752ರಲ್ಲಿ ಸಂಬಳದ ಬಾಕಿ ಕೇಳಲು ಬಂದ ಸಿಪಾಯಿಗಳೇ ಅವನನ್ನು ಕೊಂದರು. ಅವನು ತಂದ ಏರ್ಪಾಡೇ ಅವನನ್ನು ತಿಂದಿತು.

ಅವನ ನಂತರ ಸೈಯದ್ ಲಷ್ಕರ್ ಖಾನನು ದಿವಾನನಾದನು. ಇವನಿಗೆ ಫ್ರೆಂಚರನ್ನು ಹೊರಹಾಕಬೇಕೆಂಬ ಮನಸ್ಸಿತ್ತು, ಎದುರು ನಿಲ್ಲುವ ಬಲವಿರಲಿಲ್ಲ. 1753ರಲ್ಲಿ ಬುಸ್ಸಿಯು ಕಾಯಿಲೆಯಿಂದ ಮಚಲೀಪಟ್ಟಣಕ್ಕೆ ಹೋದಾಗ ಇವನು ಒಂದು ಉಪಾಯ ಹೂಡಿದನು. ಸಂಬಳವನ್ನು ತಡೆದನು, “ಕಂದಾಯ ವಸೂಲಿಗೆ ಹೋಗಿ, ಅಲ್ಲಿಂದ ನಿಮ್ಮ ಸಂಬಳ ತೆಗೆದುಕೊಳ್ಳಿ” ಎನ್ನುವ ಹಾಗೆ ದಂಡನ್ನು ಚೂರುಚೂರಾಗಿ ಸೀಮೆಗಳ ಮೇಲೆ ಕಳಿಸಿದನು. ಚದುರಿದ ದಂಡು ದುರ್ಬಲವಾಗುತ್ತದೆ ಎಂಬುದು ಅವನ ಲೆಕ್ಕ. ಇತಿಹಾಸ ಬರೆದವರು ಈ ಉಪಾಯವನ್ನು ಜಾಣತನವೆಂದು ಹೊಗಳುತ್ತಾರೆ. ನಮಗೆ ಹಾಗೆ ಕಾಣಲಿಲ್ಲ. ಸಂಬಳವಿಲ್ಲದೆ ಸಿಟ್ಟಾದ ಸಿಪಾಯಿಗಳನ್ನು ಯಾರ ಬಾಗಿಲಿಗೆ ಕಳಿಸಿದ್ದು? ದಿವಾನನ ಬಾಗಿಲಿಗಲ್ಲ. ದರ್ಬಾರಿನ ಜಗಳವನ್ನು ರೈತನ ಕಣದಲ್ಲಿ ಆಡಿಸಿದ ಹಾಗಾಯಿತು.

ಉಪಾಯವೂ ಫಲಿಸಲಿಲ್ಲ. ಬುಸ್ಸಿ ವಾಪಸು ಬಂದನು. ಆ ವರ್ಷದ ಕೊನೆಗೆ ಔರಂಗಾಬಾದಿನಲ್ಲಿ ಪಟ್ಟುಹಿಡಿದು, ಸಂಬಳದ ಬಾಬತ್ತಿಗೆ ಕೊಂಡಪಲ್ಲಿ, ಏಲೂರು, ರಾಜಮಹೇಂದ್ರಿ, ಶ್ರೀಕಾಕುಳ ಎಂಬ ನಾಲ್ಕು ಸರ್ಕಾರುಗಳನ್ನು ಬರೆಸಿಕೊಂಡನು. ವರ್ಷಕ್ಕೆ ಮೂವತ್ತು ಲಕ್ಷ ರೂಪಾಯಿಗೂ ಮೀರಿದ ಹುಟ್ಟುವಳಿಯ ನೆಲ. ಸಂಬಳಕ್ಕೆ ಬದಲಾಗಿ ನೆಲ! ಈ ಒಂದು ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಮೂರನೆಯವನು ಶಾ ನವಾಜ್ ಖಾನ್. ದೊಡ್ಡ ವಿದ್ವಾಂಸ, ಮೊಗಲರ ಕಾಲದ ಉಮರಾವರ ಜೀವನ ಚರಿತ್ರೆಗಳನ್ನು ಪಾರಸಿಯಲ್ಲಿ ಬರೆದಿಟ್ಟವನು. 1756ರಲ್ಲಿ ಸವಣೂರಿನ ಮೇಲಿನ ದಂಡಯಾತ್ರೆಯ ಸಮಯದಲ್ಲಿ ಇವನು ಧೈರ್ಯಮಾಡಿ ಬುಸ್ಸಿಗೆ “ನಿಮ್ಮ ಚಾಕರಿ ಸಾಕು” ಎಂದು ಹೇಳಿಸಿಬಿಟ್ಟನು. ಬುಸ್ಸಿ ಹೈದರಾಬಾದಿಗೆ ಹೋಗಿ ಚಾರ್‌ಮಹಲಿನ ತೋಟದಲ್ಲಿ ಬೀಡುಬಿಟ್ಟು, ಹೊಸ ದಂಡು ಬರುವವರೆಗೂ ಕಾದು, ಮೊದಲಿನ ಜಾಗಕ್ಕೇ ಬಂದು ಕುಳಿತನು. ದಿವಾನನು ಸೋತನು.

ಇವನ ಎದುರಾಳಿ ಇನ್ನೊಬ್ಬ ದಿವಾನ, ಬುಸ್ಸಿಯ ಸ್ವಂತ ದಿವಾನ ಹೈದರ್ ಜಂಗ್. ಫ್ರೆಂಚ್ ಭಾಷೆ ಬಲ್ಲವನು, ಫ್ರೆಂಚರಿಗೆ ನಮ್ಮ ಕಡೆಯ ಗುಟ್ಟುಗಳನ್ನು ತಿಳಿಸುವವನು. ಬೊಬ್ಬಿಲಿಯ ಕಥೆ ಕೇಳಿದವರಿಗೆ ಈ ಹೆಸರು ಹೊಸದಲ್ಲ. 1757ರ ಜನವರಿಯಲ್ಲಿ ಆ ಕೋಟೆ ಉರಿದುಹೋದದ್ದಕ್ಕೆ ತೆಲುಗು ನಾಡಿನ ಹಾಡುಗಾರರು ಬುಸ್ಸಿಗಿಂತ ಇವನನ್ನೇ ಹೆಚ್ಚು ಬೈಯುತ್ತಾರೆ. 1758ರ ಮೇ ತಿಂಗಳಲ್ಲಿ ಔರಂಗಾಬಾದಿನಲ್ಲಿ ಹೈದರ್ ಜಂಗನು ಶಾ ನವಾಜನನ್ನು ಕಾವಲಿನಲ್ಲಿಟ್ಟಿದ್ದನು. ನಿಜಾಮನ ತಮ್ಮ ನಿಜಾಮ್ ಅಲಿಯು ಹೈದರ್ ಜಂಗನನ್ನು ತನ್ನ ಡೇರೆಗೆ ಕರೆಸಿ ಕೊಲ್ಲಿಸಿದನು. ಆ ಗಲಭೆಯಲ್ಲಿ ಫ್ರೆಂಚರ ಕಡೆಯ ಸಿಪಾಯಿಗಳು ಕಾವಲಿನಲ್ಲಿದ್ದ ಶಾ ನವಾಜನನ್ನೂ ಅವನ ಮಗನನ್ನೂ ಕೊಂದರು. ಫ್ರೆಂಚರನ್ನು ಓಡಿಸಬೇಕೆಂದ ದಿವಾನ, ಫ್ರೆಂಚರಿಗಾಗಿ ದುಡಿದ ದಿವಾನ, ಇಬ್ಬರೂ ಒಂದೇ ದಿನ ಮುಗಿದರು. ಮುಂದಿನ ತಿಂಗಳೇ ಬುಸ್ಸಿಗೆ ದಕ್ಷಿಣಕ್ಕೆ ಬರಬೇಕೆಂದು ಮೇಲಿನವರ ಹುಕುಮು ಬಂತು. ಅವನು ಗಂಟುಮೂಟೆ ಕಟ್ಟಿ ಹೊರಟನು. 1761ರ ಜನವರಿಯಲ್ಲಿ ಪುದುಚೇರಿಯೇ ಇಂಗ್ಲಿಷರ ಕೈಸೇರಿತು.

ಈಗ ನಮ್ಮ ಬಸಾಲತ್ ಜಂಗನ ಕಡೆ ಬರೋಣ. ಸಲಾಬತ್ ಜಂಗ್, ನಿಜಾಮ್ ಅಲಿ, ಬಸಾಲತ್ ಜಂಗ್ ಮೂವರೂ ಅಣ್ಣತಮ್ಮಂದಿರು. ಬಸಾಲತನ ಪಾಲಿಗೆ ಆದವಾನಿ ಬಂತು, ಸಮುದ್ರದ ಕಡೆ ಗುಂಟೂರು ಸರ್ಕಾರೂ ಬಂತು. ಅಣ್ಣಂದಿರ ದರ್ಬಾರಿನಲ್ಲಿ ಇಷ್ಟು ನೋಡಿದವನು ಪಾಠ ಕಲಿತಿರಬೇಕೆಂದು ನೀವು ಎಣಿಸಬಹುದು. ಇಲ್ಲ. ಆದವಾನಿಯಲ್ಲಿ ತಾನೂ ಒಂದು ಫ್ರೆಂಚ್ ಪಡೆಯನ್ನು ಇಟ್ಟುಕೊಂಡನು. ಲಾಲಿ ಎಂಬುವನು ಅದರ ಸರದಾರ. ಪುದುಚೇರಿಯನ್ನು ಸೋತ ಪ್ರಸಿದ್ಧ ಲಾಲಿ ಇವನಲ್ಲ, ಬೇರೆಯವನು. ಪಡೆ ಇದ್ದ ಮೇಲೆ ಸಂಬಳ, ಸಂಬಳಕ್ಕೆ ಕಂದಾಯ. ಆದವಾನಿಯ ಕರಿನೆಲ, ಗುಂಟೂರಿನ ಬಯಲು, ಎರಡೂ ಅದಕ್ಕೇ.

ಬಳ್ಳಾರಿಯ ಪಾಳೆಯಗಾರನು ಬಸಾಲತನಿಗೆ ಕಪ್ಪ ಕೊಡದೆ ಹೈದರಾಲಿಯ ಮೊರೆಹೊಕ್ಕಾಗ ಲಾಲಿಯ ಪಡೆ ಬಳ್ಳಾರಿಗೆ ಮುತ್ತಿಗೆ ಹಾಕಿತು. ಹೈದರನು ಶ್ರೀರಂಗಪಟ್ಟಣದಿಂದ ಐದೇ ದಿನದಲ್ಲಿ ದೌಡಾಯಿಸಿ ಬಂದು ಬಡಿದನು. ಲಾಲಿಯು ಹೇಗೋ ತಪ್ಪಿಸಿಕೊಂಡನು. ಬಳ್ಳಾರಿ ಹೈದರನದಾಯಿತು. ಇಷ್ಟಾದರೂ ಬಸಾಲತನಿಗೆ ಫಿರಂಗಿಯ ಭ್ರಮೆ ಬಿಡಲಿಲ್ಲ. ಫಿರಂಗಿಯ ಒಡೆಯನನ್ನು ಮಾತ್ರ ಬದಲಾಯಿಸಿದನು. 1779ರಲ್ಲಿ ಮದ್ರಾಸಿನ ಇಂಗ್ಲಿಷರ ಜೊತೆ ಕರಾರಾಯಿತು: ಗುಂಟೂರನ್ನು ಗುತ್ತಿಗೆಗೆ ಕೊಡುವುದು, ಫ್ರೆಂಚರನ್ನು ಕೆಲಸದಿಂದ ತೆಗೆಯುವುದು, ಆದವಾನಿಗೆ ಇಂಗ್ಲಿಷ್ ದಂಡು ಬರುವುದು. ಆ ದಂಡು ಹೈದರನ ಕಡಪ ಸೀಮೆಯನ್ನು ಅವನನ್ನು ಕೇಳದೆ ದಾಟಲು ಹೋಗಿ ದಾರಿಯಲ್ಲೇ ತಡೆಯಲ್ಪಟ್ಟು ಹಿಂದಕ್ಕೆ ಹೋಯಿತು. ಹೈದರನ ಕುದುರೆಯ ದಂಡು ಆದವಾನಿಯ ಬಾಗಿಲವರೆಗೂ ಹಳ್ಳಿಗಳನ್ನು ಹಾಳುಮಾಡಿತು. ಕೆಲಸ ಹೋದ ಲಾಲಿಯು ಕೊನೆಗೆ ಹೈದರನಲ್ಲೇ ಚಾಕರಿಗೆ ಸೇರಿದನು. ನೋಡಿ, ಮೊದಲು ಆದವಾನಿಯಲ್ಲಿ ಸಂಬಳ, ಆಮೇಲೆ ಶ್ರೀರಂಗಪಟ್ಟಣದಲ್ಲಿ ಸಂಬಳ, ಫಿರಂಗಿಯವನಿಗೆ ನಷ್ಟವಿಲ್ಲ.

ಬಸಾಲತನು 1782ರಲ್ಲಿ ತೀರಿಕೊಂಡನು. 1786ರಲ್ಲಿ ಟಿಪ್ಪುವು ಆದವಾನಿಗೆ ಮುತ್ತಿಗೆ ಹಾಕಿ, ಬಸಾಲತನ ಮಗ ಮಹಾಬತ್ ಜಂಗನ ಸಂಸಾರವು ರಾಯಚೂರಿಗೆ ಹೊರಟುಹೋದ ಮೇಲೆ ಕೋಟೆಯನ್ನು ಕೆಡವಿಸಿದನು. ನಾವು ನೋಡಿದ ಹಾಳುಗೋಡೆಗಳಲ್ಲಿ ಆ ಕಾಲದ ಹಾಳೂ ಸೇರಿದೆ. ಇನ್ನು ಕಡೆಯ ಅಧ್ಯಾಯ ಬೇಗ ಮುಗಿಯುತ್ತದೆ. ನಿಜಾಮ್ ಅಲಿಯು ಇಂಗ್ಲಿಷರ ದಂಡನ್ನು ಇಟ್ಟುಕೊಂಡನು. ಅದರ ಖರ್ಚಿನ ಬಾಬತ್ತಿಗೆ 1800ರಲ್ಲಿ ಆದವಾನಿ, ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನೆಲ್ಲ ಬರೆದುಕೊಟ್ಟನು. ಸಂಬಳಕ್ಕೆ ಬದಲಾಗಿ ನೆಲ. 1753ರಲ್ಲಿ ಫ್ರೆಂಚರಿಗೆ ಬರೆದ ಕಾಗದದ ಒಕ್ಕಣೆಯನ್ನೇ 1800ರಲ್ಲಿ ಇಂಗ್ಲಿಷರಿಗೆ ಬರೆದ ಹಾಗೆ. ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಹೀಗೆ. ಕೊಟ್ಟವನೊಬ್ಬ, ಪಡೆದವನೊಬ್ಬ, ಉಳುವವನನ್ನು ಇಬ್ಬರೂ ಕೇಳಲಿಲ್ಲ.

ಮರುವರ್ಷವೇ, 1801ರಲ್ಲಿ, ಈಗಿನ ಪತ್ತಿಕೊಂಡದ ಕಡೆಯ ತೆರ್ನೇಕಲ್ ಎಂಬ ಹಳ್ಳಿಯವರು ಕಂದಾಯದ ವಿಷಯದಲ್ಲಿ ತಿರುಗಿಬಿದ್ದರು. ವಸೂಲಿಗೆ ಹೋದ ತಹಶೀಲ್ದಾರನ ಕೊಲೆಯಾಯಿತು. ಕುಂಪಣಿಯ ದಂಡು ಬಂತು. ಮೊದಲನೆಯ ಲಗ್ಗೆಯನ್ನು ಹಳ್ಳಿಯವರು ತಮ್ಮ ಮಣ್ಣಿನ ಕೋಟೆಯಿಂದ ಹಿಮ್ಮೆಟ್ಟಿಸಿದರು. ಎರಡನೆಯ ಸಲ ಕೋಟೆ ಒಡೆಯಿತು. ಅಲ್ಲಿ ಸತ್ತವರ ಹೆಸರುಗಳಿಗೆ ಯಾವ ಗೋರಿಯೂ ಇಲ್ಲ. ಆ ಕೊಲೆಯನ್ನು ನಾವು ಸರಿಯೆಂದು ಹೇಳುತ್ತಿಲ್ಲ. ಆದರೆ ತಹಶೀಲ್ದಾರನೂ ನಮ್ಮವನೇ, ಮೇಲಿನ ಲೆಕ್ಕವನ್ನು ಕೆಳಗೆ ಹೊತ್ತುತಂದವನು. ಮೇಲಿನವರು ಮಾಡಿದ ಕರಾರಿಗೆ ನಡುವಿನವನೂ ಕೆಳಗಿನವನೂ ಒಬ್ಬರನ್ನೊಬ್ಬರು ಕೊಂದುಕೊಂಡರು.

ಮನ್ರೋ ಸಾಹೇಬನ ಹೆಸರು ಈ ಸೀಮೆಯಲ್ಲಿ ಇನ್ನೂ ಇದೆ. 1800ರಿಂದ 1807ರವರೆಗೆ ದತ್ತ ಮಂಡಲದ ಪ್ರಧಾನ ಕಲೆಕ್ಟರನಾಗಿದ್ದು, ನಡುವಿನ ಪಾಳೆಯಗಾರರನ್ನು ಬದಿಗೆ ಸರಿಸಿ ಕಂದಾಯವನ್ನು ನೇರವಾಗಿ ರೈತನೊಡನೆ ಗೊತ್ತುಮಾಡಿದವನು. ಆಮೇಲೆ ಮದ್ರಾಸಿನ ಗವರ್ನರ್ ಆದನು. 1827ರ ಜುಲೈ 6ರಂದು ಹಳೆಯ ಸೀಮೆಯನ್ನು ನೋಡಲು ಬಂದವನು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತನು. ರೈತರ ಮೇಲೆ ಅವನಿಗೆ ಮಮತೆ ಇದ್ದದ್ದು ನಿಜ. ಆದರೂ ನೇರವಾಗಿ ಎಂದರೂ ಲೆಕ್ಕ ಬರೆಯುವ ಕೈ ಶಾನುಭೋಗನದೇ, ಓದಲು ಬಾರದವನು ಹೆಬ್ಬೆಟ್ಟು ಒತ್ತಿದ್ದೇ.

ಇರಲಿ, ಈಗ ಸಮುದ್ರ ದಾಟೋಣ. ದಾಟುವ ಬಂದರೂ ಪುದುಚೇರಿಯೇ. 1785ರಲ್ಲಿ ಪಿನ್ಯೋ ಎಂಬ ಫ್ರೆಂಚ್ ಕಥೋಲಿಕ ಬಿಷಪ್ಪನು ವಿಯೆಟ್ನಾಮಿನಿಂದ ಐದಾರು ವರ್ಷದ ಒಬ್ಬ ರಾಜಕುಮಾರನನ್ನು ಕರೆದುಕೊಂಡು ಪುದುಚೇರಿಗೆ ಬಂದನು. ಗಾದಿ ಕಳೆದುಕೊಂಡಿದ್ದ ಅದರ ತಂದೆಗೆ ಫ್ರೆಂಚರ ದಂಡು ಬೇಕಾಗಿತ್ತು. 1787ರಲ್ಲಿ ಫ್ರಾನ್ಸಿನಲ್ಲಿ ಕರಾರೂ ಆಯಿತು: ದಂಡಿಗೆ ಬದಲಾಗಿ ಒಂದು ಬಂದರು, ಒಂದು ದ್ವೀಪ. ಪುದುಚೇರಿಯ ಗವರ್ನರನು ಒಪ್ಪದ್ದರಿಂದ ಆ ಕರಾರು ಜಾರಿಗೆ ಬರಲಿಲ್ಲ. ಬಿಷಪ್ಪನು ತಾನೇ ಹಣ, ಹಡಗು, ಜನ ಕೂಡಿಸಿಕೊಂಡು ಹೋದನು. ಆ ತಂದೆಯು 1802ರಲ್ಲಿ ಚಕ್ರವರ್ತಿಯಾದನು. ಹೈದರಾಬಾದಿನ ಕಥೆಯ ಬೀಜ ಅಲ್ಲಿಗೂ ಹೋಯಿತು, ಮೊಳೆಯಲು ಎಪ್ಪತ್ತು ವರ್ಷ ಬೇಕಾಯಿತು.

1858ರಲ್ಲಿ ಫ್ರೆಂಚ್ ಹಡಗುಗಳು ವಿಯೆಟ್ನಾಮಿಗೆ ಬಂದವು. ಕ್ರೈಸ್ತರನ್ನು ಅಲ್ಲಿನ ಚಕ್ರವರ್ತಿಗಳು ಹಿಂಸಿಸುತ್ತಿದ್ದಾರೆ ಎಂಬುದು ಕಾರಣ. ಹಿಂಸೆ ಸುಳ್ಳಲ್ಲ, ಪಾದ್ರಿಗಳೂ ಬಡ ವಿಶ್ವಾಸಿಗಳೂ ಸತ್ತದ್ದು ನಿಜ. ಆದರೆ ಅವರ ಹೆಸರಿನಲ್ಲಿ ಬಂದ ಹಡಗುಗಳು ಕೇಳಿದ್ದು ನೆಲ ಮತ್ತು ಬಂದರು. ಈ ಮಾತನ್ನು ಕ್ರೈಸ್ತರಾದ ನಾವು ಮುಚ್ಚಿಡಬಾರದು. ಅದೇ ಕಾಲದಲ್ಲಿ ನುಯೆನ್ ಟ್ರೂಂಗ್ ಟೊ ಎಂಬ ಕಥೋಲಿಕ ವಿದ್ವಾಂಸನೊಬ್ಬನು ತನ್ನ ಚಕ್ರವರ್ತಿ ತು ದುಕ್‌ನಿಗೆ ಅರ್ಜಿಯ ಮೇಲೆ ಅರ್ಜಿ ಬರೆದನು: ಶಾಲೆಗಳನ್ನು ಬದಲಾಯಿಸಿ, ಯಂತ್ರವಿದ್ಯೆ ಕಲಿಸಿ, ಆಡಳಿತ ಸರಿಪಡಿಸಿ ಎಂದು. ದರ್ಬಾರು ಬಹುಪಾಲನ್ನು ಬದಿಗಿಟ್ಟಿತು. ಅವನು 1871ರಲ್ಲಿ ತೀರಿಕೊಂಡನು.

ಆ ದರ್ಬಾರಿನ ಮಂತ್ರಿಗಳು ನಮ್ಮ ದಿವಾನರ ಹಾಗೆ ದಂಡಿನ ಬಲದಿಂದ ಬಂದವರಲ್ಲ. ಪರೀಕ್ಷೆ ಕೊಟ್ಟು ಬಂದವರು. ಫಾನ್ ಥಾನ್ ಜ್ಯಾನ್ ಎಂಬಾತನು ದಕ್ಷಿಣದ ಬಡವರ ಮನೆಯ ಹುಡುಗ. 1826ರಲ್ಲಿ ರಾಜಧಾನಿಯ ಅತ್ಯುನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲನೆಯ ದಕ್ಷಿಣದವನು. ಹಾಗೆ ತೇರ್ಗಡೆಯಾದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಪದ್ಧತಿ ಇತ್ತು. ಸೈಗಾನ್ ಬಿದ್ದ ಮೇಲೆ 1862ರಲ್ಲಿ ಫ್ರೆಂಚರೊಡನೆ ಸಂಧಿ ಮಾಡಲು ಈತನನ್ನೂ ಇನ್ನೊಬ್ಬನನ್ನೂ ಕಳಿಸಿದರು. ಬಿಯೆನ್ ಹೋವಾ, ಜ್ಯಾ ದಿನ್, ದಿನ್ ತುವೊಂಗ್ ಎಂಬ ಮೂರು ಪ್ರಾಂತಗಳನ್ನು ಬಿಟ್ಟುಕೊಟ್ಟು, ನಲವತ್ತು ಲಕ್ಷ ಬೆಳ್ಳಿ ನಾಣ್ಯ ದಂಡ ತೆರುವುದೆಂದು ಬರೆದ ಕಾಗದಕ್ಕೆ ಆತನು ಮೊಹರು ಒತ್ತಿದನು. ಮರುವರ್ಷ ಆ ಪ್ರಾಂತಗಳನ್ನು ಹಣ ಕೊಟ್ಟಾದರೂ ಬಿಡಿಸಿಕೊಳ್ಳಬೇಕೆಂದು ಅರವತ್ತೇಳರ ವಯಸ್ಸಿನಲ್ಲಿ ಪ್ಯಾರಿಸಿನವರೆಗೂ ಹೋದನು. ಅಲ್ಲಿಯ ಯಂತ್ರಗಳನ್ನು ನೋಡಿ ಬಂದು ದರ್ಬಾರಿಗೆ ಹೇಳಿದನು, ನಂಬುವವರು ಕಡಿಮೆ.

1867ರಲ್ಲಿ ಫ್ರೆಂಚರು ಉಳಿದ ಮೂರು ಪ್ರಾಂತಗಳನ್ನೂ ಕೇಳಿದರು. ಆಗ ಜ್ಯಾನ್ ಅಲ್ಲಿಯ ಮುಖ್ಯಾಧಿಕಾರಿ. ಹೋರಾಡಿದರೆ ಜನ ಸಾಯುತ್ತಾರೆ, ಗೆಲ್ಲುವುದಿಲ್ಲ ಎಂದು ತಿಳಿದು ಯುದ್ಧವಿಲ್ಲದೆ ಕೋಟೆಗಳನ್ನು ಬಿಟ್ಟುಕೊಟ್ಟನು. ಮಕ್ಕಳನ್ನು ಕರೆದು ಫ್ರೆಂಚರ ಕೈಕೆಳಗೆ ಚಾಕರಿ ಮಾಡಬೇಡಿರೆಂದು ಹೇಳಿದನು. ಅನ್ನ ಬಿಟ್ಟು, ಕಡೆಗೆ ವಿಷ ತೆಗೆದುಕೊಂಡು ಸತ್ತನು. ಅವನ ಇಬ್ಬರು ಮಕ್ಕಳು ದಂಗೆಯೆದ್ದರು. ದರ್ಬಾರು ಏನು ಮಾಡಿತು ಗೊತ್ತೇ? ಸತ್ತವನ ಪದವಿಗಳನ್ನು ಕಿತ್ತುಕೊಂಡು, ಪರೀಕ್ಷೆಯ ಕಲ್ಲಿನಿಂದ ಅವನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆಸಿತು. ಕಾಗದಕ್ಕೆ ಮೊಹರು ಹಾಕಿ ಬಾ ಎಂದು ಕಳಿಸಿದವರೇ ಇವರು. ಹೆಸರನ್ನು ಮತ್ತೆ ಕೆತ್ತಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

1882ರಲ್ಲಿ ಹನಾಯ್ ಕೋಟೆ ಬಿದ್ದಾಗ ಅಲ್ಲಿಯ ಅಧಿಕಾರಿ ಹ್ವಾಂಗ್ ಜಿಯೂ ಎಂಬಾತನೂ ನೇಣು ಹಾಕಿಕೊಂಡನು. ಇಂಥ ಸಾವನ್ನು ನಾವು ಮೆಚ್ಚುವವರಲ್ಲ. ಆದರೂ ನಮ್ಮ ರಘುನಾಥದಾಸ, ಹೈದರ್ ಜಂಗರ ಪಕ್ಕದಲ್ಲಿ ಇವರನ್ನು ನಿಲ್ಲಿಸಿ ನೋಡಿದಾಗ ನಮ್ಮ ಮನಸ್ಸು ಮಿದುವಾಯಿತು. ಅವರು ನಡುವೆ ನಿಂತು ತಮಗಾಗಿ ತೆಗೆದುಕೊಂಡರು. ಇವರು ಏನನ್ನೂ ತೆಗೆದುಕೊಳ್ಳಲಿಲ್ಲ. ಹಾಗೆಂದು ಬಿಯೆನ್ ಹೋವಾದ ರೈತನಿಗೆ ಬಂದ ಫಲದಲ್ಲಿ ಏನಾದರೂ ವ್ಯತ್ಯಾಸವಾಯಿತೇ? ಇದರ ಬಗ್ಗೆ ನಮ್ಮೊಳಗೇ ವಾದವಾಯಿತು. ನಮ್ಮಲ್ಲಿ ಒಬ್ಬರು, “ಒಳ್ಳೆಯವನು ಒತ್ತಿದರೂ ಮೊಹರು ಮೊಹರೇ” ಎಂದರು. ಇನ್ನೊಬ್ಬರು, “ಅವನು ಹೋರಾಡಿದ್ದರೆ ಎಷ್ಟು ಮಂದಿ ತಾಯಂದಿರು ಅಳುತ್ತಿದ್ದರು?” ಎಂದು ಕೇಳಿದರು. ವಾದ ಮುಗಿದಿಲ್ಲ.

ಹುಡುಗನ ಪ್ರಶ್ನೆಗೆ ಈಗ ಉತ್ತರ. ಜ್ಯಾನ್ ಮೊಹರು ಒತ್ತಿದ ಮೂರು ಪ್ರಾಂತಗಳಲ್ಲಿ ಬಿಯೆನ್ ಹೋವಾ ಒಂದೆಂದು ಹೇಳಿದೆವಷ್ಟೆ. ಅಲ್ಲಿಯ ಕೆಂಪು ಮಣ್ಣಿನ ಕಾಡನ್ನು ಕಡಿದು ಫ್ರೆಂಚ್ ಕಂಪೆನಿಗಳು ರಬ್ಬರ್ ತೋಟ ಹಾಕಿದವು. ಟೈರು ಮಾಡುವ ಮಿಶೆಲಿನ್ ಕಂಪೆನಿಯ ಫು ರಿಯೆಂಗ್ ತೋಟ ಅಲ್ಲೇ. ಕೂಲಿಗೆ ಉತ್ತರದ ಬಡ ಜಿಲ್ಲೆಗಳಿಂದ ಜನರನ್ನು ಮೂರು ವರ್ಷದ ಕರಾರಿನ ಮೇಲೆ ಹಡಗಿನಲ್ಲಿ ತಂದರು. ಜನ ಕೂಡಿಸಿ ಕೆಲಸ ಮಾಡಿಸುವವನನ್ನು ಅಲ್ಲಿ ‘ಕಾಯ್’ ಎನ್ನುತ್ತಿದ್ದರು, ನಮ್ಮ ಮೇಸ್ತ್ರಿ. ಮಲೇರಿಯಾ, ಬೆತ್ತ, ದಂಡ, ಎಲ್ಲವೂ ಇತ್ತು. 1930ರ ಫೆಬ್ರವರಿಯಲ್ಲಿ ಆ ತೋಟದ ಕೂಲಿಗಳು ಮುಷ್ಕರ ಹೂಡಿದರು. ಅವರ ಮುಂದಾಳುಗಳಲ್ಲಿ ಒಬ್ಬನಾದ ಟ್ರಾನ್ ಟು ಬಿನ್ ಕಥೋಲಿಕ ಮನೆಯವನು, ಪಾದ್ರಿಯಾಗಲು ಓದುತ್ತಿದ್ದು ಆ ಶಾಲೆಯಿಂದ ಹೊರಬಿದ್ದವನು. ಈಗ ವಿಯೆಟ್ನಾಮಿನ ಕಾಫಿಯ ಹೆಚ್ಚಿನ ಪಾಲು ಸಣ್ಣ ರೈತರ ಹಿಡುವಳಿಯದು. ಆದರೆ ಅವರ ಅಜ್ಜಂದಿರಲ್ಲಿ ಎಷ್ಟೋ ಮಂದಿ ತೋಟದ ಹಾಜರಿ ಪುಸ್ತಕದಲ್ಲಿ ಒಂದು ನಂಬರು. ಹೌದು ಮಗನೇ, ಅವರೂ ನಮ್ಮ ಹಾಗೆಯೇ.

ನಮ್ಮ ಒಬ್ಬ ಅಜ್ಜನ ಕರಾರು ಕಾಗದ ಈಗಲೂ ಟ್ರಂಕಿನಲ್ಲಿದೆ. ಯಾವ ತೋಟವೆಂಬುದು ಇಲ್ಲಿ ಬೇಡ. ಅದರಲ್ಲಿರುವುದು ಇಂಗ್ಲಿಷಿನ ನಾಲ್ಕು ಸಾಲು, ಕೆಳಗೆ ಅಜ್ಜನ ಹೆಬ್ಬೆಟ್ಟು. ಅಜ್ಜನು ಆರು ತಿಂಗಳೆಂದು ತಿಳಿದಿದ್ದನು. ಕಾಗದದಲ್ಲಿದ್ದದ್ದು ಅಡ್ವಾನ್ಸು ತೀರುವವರೆಗೆ ಎಂದು. ಓದಿ ಹೇಳಿದ ಮೇಸ್ತ್ರಿಯು ನಮ್ಮ ಊರಿನವನೇ, ದೂರದ ನೆಂಟ. ಅವನು ಬೇಕೆಂದೇ ತಪ್ಪು ಹೇಳಿದನೋ, ಅವನಿಗೇ ಓದಲು ಬರುತ್ತಿರಲಿಲ್ಲವೋ, ಅಜ್ಜ ಸಾಯುವವರೆಗೂ ತೀರ್ಮಾನಕ್ಕೆ ಬರಲಿಲ್ಲ.

ಆದವಾನಿಯಿಂದ ವಾಪಸು ಹೊರಟ ರಾತ್ರಿ ಸ್ಟೇಷನ್ನಿನ ತುಂಬ ಗಂಟುಮೂಟೆ, ಪಾತ್ರೆ, ಮಲಗಿದ ಮಕ್ಕಳು. ಕೋಸಿಗಿ, ಕೌತಾಳದ ಕಡೆಯ ಹಳ್ಳಿಗಳವರು. ಮಳೆ ಕೈಕೊಟ್ಟ ವರ್ಷ ಅವರು ಮನೆಗೆ ಬೀಗ ಹಾಕಿ ಹೋಗುವ ಊರು ಗುಂಟೂರು. ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು. ಒಂದು ಕಾಲದಲ್ಲಿ ಆದವಾನಿಯಲ್ಲಿ ಕುಳಿತು ಆಳಿಸಿಕೊಂಡ ಅದೇ ಗುಂಟೂರು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಅಕ್ಕನೊಬ್ಬಳನ್ನು, “ಮೇಸ್ತ್ರಿ ಎಷ್ಟು ಕೊಟ್ಟಾನಕ್ಕಾ?” ಎಂದು ಕೇಳಿದೆವು. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದು, ಶಾಲೆ ಬಿಟ್ಟು ಜೊತೆಗೆ ಹೊರಟಿದ್ದ ಮಗಳ ಕೈಗೆ ಕೊಟ್ಟಳು. “ಇನ್ನೊಮ್ಮೆ ಓದವ್ವಾ, ನಿಧಾನಕ” ಎಂದಳು.